ಎಪ್ಪತ್ತರ ಗಂಡಸಿನ ಕಸುವನ್ನು ಅಳೆಯುವುದು ಹೇಗೆ?

ಪ್ರಶ್ನೆ: ನನಗೆ 72 ವರ್ಷ. ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾಗಿ ಬೆಂಗಳೂರಿನ ವಿಜಯನಗರದಲ್ಲಿದ್ದೇನೆ. ದಿನವೂ ಬೆಳಿಗ್ಗೆ ಗೆಳೆಯರ ಜೊತೆ ಪಾರ್ಕಿನಲ್ಲಿ ಮುಕ್ಕಾಲು ಗಂಟೆ ನಡೆಯುತ್ತೇನೆ. ರಕ್ತದೊತ್ತಡಕ್ಕೆ ಮತ್ತು ಪ್ರಾಸ್ಟೇಟ್ ತೊಂದರೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮಗ ಮಾಡಿಸಿದ ಪೂರ್ಣ ತಪಾಸಣೆಯಲ್ಲಿ ಟ್ರೆಡ್‌ಮಿಲ್ ಪರೀಕ್ಷೆಯೂ ಸೇರಿದಂತೆ ಎಲ್ಲವೂ ಸರಿ ಎಂದು ಬಂದಿದೆ. ಅವನು ಕೊಡಿಸಿದ ಸ್ಮಾರ್ಟ್ ವಾಚ್ ನನ್ನ 'ಫಿಟ್‌ನೆಸ್ ವಯಸ್ಸು' 58 ಎಂದು ತೋರಿಸುತ್ತದೆ. ಆದರೂ ಪೂಜೆ ಮುಗಿಸಿ ನೆಲದಿಂದ ಏಳುವಾಗ ಗೋಡೆ ಹಿಡಿಯಬೇಕಾಗಿದೆ. ರಸ್ತೆ ದಾಟುವಾಗ ನನ್ನ ಹೆಂಡತಿ ಮುಂದೆ ಹೋಗಿ ನನಗಾಗಿ ಕಾಯುವಂತಾಗಿದೆ. ನನ್ನ ಶರೀರ ನಿಜಕ್ಕೂ ಹೇಗಿದೆ ಎಂಬುದನ್ನು ಮನೆಯಲ್ಲೇ ಅಳೆದು ನೋಡಬಹುದೇ?

ಉತ್ತರ: ಅಳೆಯಬಹುದು. ಒಂದು ಕುರ್ಚಿ, ಅಳತೆ ಟೇಪು, ಮೊಬೈಲಿನ ಸ್ಟಾಪ್‌ವಾಚ್ ಮತ್ತು ಪಕ್ಕದಲ್ಲಿ ನಿಲ್ಲಲು ಒಬ್ಬರು ಇದ್ದರೆ ಸಾಕು. ವಾಚ್ ಹೇಳುವ 58ಕ್ಕಿಂತ ನಿಮ್ಮ ಕೈ ಹುಡುಕುವ ಆ ಗೋಡೆಯನ್ನೇ ನಾನು ಹೆಚ್ಚು ನಂಬುತ್ತೇನೆ. ನೀವು ಬರೆದಿರುವ ಎರಡು ಸಂಗತಿಗಳು, ಅಂದರೆ ನೆಲದಿಂದ ಏಳುವುದು ಮತ್ತು ರಸ್ತೆ ದಾಟುವ ವೇಗ, ವೃದ್ಧರ ದೇಹಶಕ್ತಿಯನ್ನು ಅಧ್ಯಯನ ಮಾಡುವವರು ದಶಕಗಳಿಂದ ಗಮನಿಸುತ್ತಾ ಬಂದಿರುವ ಸಂಗತಿಗಳೇ. ತಪಾಸಣೆಯ ವರದಿ ಸುಳ್ಳಲ್ಲ. ಅದು ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದೆ, ಅಷ್ಟೆ.

ಟ್ರೆಡ್‌ಮಿಲ್ ಪರೀಕ್ಷೆಯ ಕೆಲಸ ಹೃದಯದ ಸ್ನಾಯುವಿಗೆ ಶ್ರಮದ ಹೊತ್ತಿನಲ್ಲಿ ರಕ್ತ ಸಾಲುತ್ತದೆಯೇ ಎಂದು ನೋಡುವುದು. ಸಾಮಾನ್ಯವಾಗಿ ಬಳಸುವ ಬ್ರೂಸ್ ಕ್ರಮದಲ್ಲಿ ಗಂಟೆಗೆ 2.7 ಕಿಲೋಮೀಟರ್ ವೇಗದಲ್ಲಿ, ಶೇಕಡ 10ರ ಏರಿನಲ್ಲಿ ಶುರುವಾಗಿ ಮೂರು ನಿಮಿಷಕ್ಕೊಮ್ಮೆ ವೇಗ ಮತ್ತು ಏರು ಎರಡೂ ಹೆಚ್ಚುತ್ತವೆ. ನೀವು ಮುಂದಿನ ಕಂಬಿಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು ನಡೆದಿದ್ದರೆ ಭಾರದ ಒಂದು ಪಾಲು ಕಂಬಿಯ ಮೇಲೇ ಬಿದ್ದಿರುತ್ತದೆ. ಕಾಲಿನ ಬಲವಾಗಲಿ ಸಮತೋಲನವಾಗಲಿ ಕುಳಿತಲ್ಲಿಂದ ಏಳುವ ಸಾಮರ್ಥ್ಯವಾಗಲಿ ಅಲ್ಲಿ ಪರೀಕ್ಷೆಗೆ ಬರುವುದೇ ಇಲ್ಲ. ವಾಚಿನ ಲೆಕ್ಕ ಇನ್ನೂ ಸಡಿಲ. ಅದು ನಾಡಿಬಡಿತ ಮತ್ತು ಚಲನೆಯಿಂದ ಒಂದು ಅಂದಾಜು ಕಟ್ಟುತ್ತದೆ. ರಕ್ತದೊತ್ತಡಕ್ಕೆ ನಿಮಗೆ ಕೊಟ್ಟಿರುವುದು ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಯಾಗಿದ್ದರೆ, ನಡೆಯುವಾಗ ನಾಡಿ ಏರುವುದನ್ನು ಆ ಮಾತ್ರೆಯೇ ತಡೆದಿರುತ್ತದೆ. ವಾಚ್ ಅದನ್ನು 'ಗಟ್ಟಿ ಹೃದಯ' ಎಂದು ಓದಿಕೊಂಡರೆ ಆಶ್ಚರ್ಯವಿಲ್ಲ. ಇಂಥ ಮಾತ್ರೆ ತೆಗೆದುಕೊಳ್ಳುವವರು ಗರಿಷ್ಠ ನಾಡಿಬಡಿತ ತಿಳಿಯಲು 220ರಿಂದ ವಯಸ್ಸನ್ನು ಕಳೆಯುವ ಲೆಕ್ಕವನ್ನೂ ಮರೆತುಬಿಡುವುದು ಒಳ್ಳೆಯದು.

ಹಾಗಾದರೆ ಅಳೆಯಬೇಕಾದದ್ದು ಏನನ್ನು? ಮೀಸಲನ್ನು. ಒಂದು ಕೆಲಸವನ್ನು ಮಾಡಬಲ್ಲಿರೋ ಇಲ್ಲವೋ ಎಂಬುದಕ್ಕಿಂತ, ಮಾಡಿದ ಮೇಲೆ ಕೈಯಲ್ಲಿ ಇನ್ನೆಷ್ಟು ಶಕ್ತಿ ಉಳಿದಿದೆ ಎಂಬುದು ಮುಖ್ಯ. ತಾರಸಿಯ ಟ್ಯಾಂಕಿನಲ್ಲಿ ನೀರು ಕಾಲು ಭಾಗಕ್ಕೆ ಇಳಿದಿದ್ದರೂ ಕೆಳಗಿನ ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದೆ. ಮೇಲೆ ಹತ್ತಿ ಮುಚ್ಚಳ ತೆಗೆದು ನೋಡಿದವನಿಗಷ್ಟೇ ಮಟ್ಟ ಗೊತ್ತಾಗುತ್ತದೆ. ಕುರ್ಚಿಯಿಂದ ಏಳಲು ಯುವಕನ ತೊಡೆಯ ಸ್ನಾಯು ತನ್ನ ಗರಿಷ್ಠ ಬಲದ ಅರ್ಧಕ್ಕಿಂತ ಕಡಿಮೆ ಬಳಸುತ್ತದೆ. ಎಪ್ಪತ್ತು ದಾಟಿದವರಲ್ಲಿ ಅದೇ ಕೆಲಸಕ್ಕೆ ಮುಕ್ಕಾಲು ಪಾಲಿಗೂ ಹೆಚ್ಚು ಬೇಕಾಗುತ್ತದೆ ಎಂದು ಪ್ರಯೋಗಾಲಯದಲ್ಲಿ ಅಳೆದು ನೋಡಿದ್ದಾರೆ. ಹೊರಗಿನಿಂದ ನೋಡುವವರಿಗೆ ಇಬ್ಬರೂ ಎದ್ದು ನಿಂತಂತೆಯೇ ಕಾಣುತ್ತದೆ. ಆದರೆ ಒಬ್ಬರ ಬಳಿ ಬೇಕಾದಷ್ಟು ಉಳಿಕೆಯಿದೆ, ಇನ್ನೊಬ್ಬರು ಅಂಚಿನಲ್ಲಿದ್ದಾರೆ.

ಅಂಚಿನಲ್ಲಿರುವವರಿಗೆ ಒಂದು ಡೆಂಗಿ ಜ್ವರವೋ ಹರ್ನಿಯಾ ಶಸ್ತ್ರಚಿಕಿತ್ಸೆಯೋ ಬಂದರೆ ಸಾಕು. ಆರೋಗ್ಯವಾಗಿದ್ದ ವೃದ್ಧರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಅಮೆರಿಕದ ಒಂದು ಸಣ್ಣ ಅಧ್ಯಯನದಲ್ಲಿ ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೋದಷ್ಟು ಮಾಂಸಖಂಡ ಕರಗಿತ್ತು. ಅದು 2007ರಲ್ಲಿ ಪ್ರಕಟವಾಯಿತು. "ಜ್ವರ ಬರುವ ತನಕ ಚೆನ್ನಾಗಿಯೇ ಇದ್ದರು, ಆಮೇಲೆ ಏಳಲೇ ಇಲ್ಲ" ಎಂದು ಮನೆಯವರು ಹೇಳುವುದನ್ನು ನಾನು ಪದೇ ಪದೇ ಕೇಳುತ್ತೇನೆ. ಅವರಲ್ಲಿ ಬಹಳ ಮಂದಿಯ ಮೀಸಲು ಜ್ವರಕ್ಕಿಂತ ಎಷ್ಟೋ ಮೊದಲೇ ತಳ ಕಂಡಿರುತ್ತದೆ. ಯಾರೂ ಅಳೆದಿರುವುದಿಲ್ಲ.

ಮನೆಯಲ್ಲಿ ಮಾಡುವ ಪರೀಕ್ಷೆಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಕುರ್ಚಿಯ ಪರೀಕ್ಷೆಯನ್ನು ಆರಿಸಿಕೊಳ್ಳುತ್ತೇನೆ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರಾಬರ್ಟಾ ರಿಕ್ಲಿ ಮತ್ತು ಜೆಸ್ಸಿ ಜೋನ್ಸ್ ಎಂಬ ಇಬ್ಬರು ಸಂಶೋಧಕಿಯರು 1990ರ ದಶಕದ ಕೊನೆಯಲ್ಲಿ ಹಿರಿಯರಿಗೆಂದೇ ರೂಪಿಸಿದ ಪರೀಕ್ಷೆಗಳ ಗುಚ್ಛದಲ್ಲಿ ಇದೂ ಒಂದು. ಕುರ್ಚಿಗೆ ಕೈಗಳು ಇರಬಾರದು, ಕೂರುವ ಜಾಗ ನೆಲದಿಂದ ಸುಮಾರು 43 ಸೆಂಟಿಮೀಟರ್, ಅಂದರೆ 17 ಅಂಗುಲ ಎತ್ತರದಲ್ಲಿರಬೇಕು. ಸೋಫಾ ಬೇಡ, ಅದು ತಗ್ಗು. ಪ್ಲಾಸ್ಟಿಕ್ ಕುರ್ಚಿಯೂ ಬೇಡ. ಟೈಲ್ಸ್ ನೆಲದ ಮೇಲೆ ಅದು ಹಿಂದಕ್ಕೆ ಜಾರುತ್ತದೆ. ಊಟದ ಮೇಜಿನ ಮರದ ಕುರ್ಚಿಯನ್ನು ಗೋಡೆಗೆ ಒತ್ತಿಸಿ ಇಡಿ. ಪಾದಗಳು ನೆಲದ ಮೇಲೆ ಪೂರ್ತಿ ಊರಿರಲಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಳ್ಳಿ. ಮನೆಯವರು "ಶುರು" ಎಂದಾಗ ಎದ್ದು ಪೂರ್ತಿ ನೆಟ್ಟಗೆ ನಿಂತು, ಮತ್ತೆ ಪೂರ್ತಿ ಕುಳಿತು, ಹೀಗೆ 30 ಸೆಕೆಂಡುಗಳಲ್ಲಿ ಎಷ್ಟು ಸಲ ಏಳುತ್ತೀರಿ ಎಂದು ಎಣಿಸಲಿ. ಕೊನೆಯ ಸೆಕೆಂಡಿಗೆ ಅರ್ಧಕ್ಕಿಂತ ಮೇಲೆ ಎದ್ದಿದ್ದರೆ ಅದೂ ಒಂದು. ಕೈ ಊರಿ ಎದ್ದರೆ ಅಂಕ ಸೊನ್ನೆ. ಇದು ಕಟುವಾಗಿ ಕಂಡರೂ ನಿಯಮ ನಿಯಮವೇ, ಏಕೆಂದರೆ ಕೈ ಬಂದ ಕೂಡಲೇ ಕಾಲಿನ ಅಳತೆ ಕೆಡುತ್ತದೆ.

70ರಿಂದ 74 ವರ್ಷದ ಅಮೆರಿಕದ ಗಂಡಸರಲ್ಲಿ ನಡುವಿನ ಅರ್ಧದಷ್ಟು ಜನ 12ರಿಂದ 17 ಸಲ ಏಳುತ್ತಾರೆ. 60ರಿಂದ 64ರವರಿಗೆ ಇದು 14ರಿಂದ 19. 80ರಿಂದ 84ರವರಿಗೆ 10ರಿಂದ 15. ನಿಮ್ಮ ವಯಸ್ಸಿನಲ್ಲಿ 12ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚಿನದು ಎಂದು ಅಲ್ಲಿನ ಆರೋಗ್ಯ ಇಲಾಖೆಯ ಕೈಪಿಡಿ ಎಚ್ಚರಿಸುತ್ತದೆ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಸೂಚಿಸಿದ್ದು ಇದರ ಇನ್ನೊಂದು ರೂಪ: ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸ್ನಾಯುಕ್ಷಯದ ಬಗ್ಗೆ ವಿಚಾರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ಹಿರಿಯರ ಪ್ರಾಥಮಿಕ ತಪಾಸಣೆಗೆ 14 ಸೆಕೆಂಡ್ ಎಂದು ಇಟ್ಟುಕೊಂಡಿದೆ.

ಅಂಕಿಯನ್ನು ಬರೆದುಕೊಳ್ಳಿ. ಜೊತೆಗೆ ಎದ್ದ ರೀತಿಯನ್ನೂ ಮನೆಯವರು ಗಮನಿಸಲಿ. ಏಳುವ ಮೊದಲು ಹಿಂದೆ ಮುಂದೆ ಒಂದೆರಡು ಸಲ ತೂಗಿಕೊಂಡಿರಾ? ಪಾದಗಳನ್ನು ಹಿಂದಕ್ಕೆ ಎಳೆದುಕೊಂಡಿರಾ? ಮಂಡಿಗಳು ಒಂದಕ್ಕೊಂದು ಹತ್ತಿರ ಬಂದವೇ? ಒಂದೇ ಕಾಲಿನ ಮೇಲೆ ಭಾರ ಹಾಕಿದಿರಾ? ಎಲ್ಲಕ್ಕಿಂತ ಮುಖ್ಯವಾಗಿ, ಕೂರುವಾಗ ನಿಧಾನವಾಗಿ ಕುಳಿತಿರೋ ಅಥವಾ ಕೊನೆಯ ಅರ್ಧ ಅಡಿ ದೊಪ್ಪೆಂದು ಬಿದ್ದಿರೋ? ಹಾಗೆ ಬೀಳುವುದೆಂದರೆ ತೊಡೆಯ ಸ್ನಾಯು ಭಾರವನ್ನು ತಡೆದು ಇಳಿಸಲಾರದೆ ಕೈಬಿಟ್ಟಿದೆ ಎಂದರ್ಥ. ಮೆಟ್ಟಿಲು ಹತ್ತುವಾಗ ಇಲ್ಲದ ಅಳುಕು ಇಳಿಯುವಾಗ ಬರುವುದಕ್ಕೂ ಇದೇ ಕಾರಣ. ಹದಿಮೂರು ಸಲ ಎದ್ದು ಪ್ರತಿ ಸಲವೂ ದೊಪ್ಪೆಂದು ಕುಳಿತವರಿಗಿಂತ ಹನ್ನೊಂದು ಸಲ ಹಿಡಿತದಲ್ಲಿ ಎದ್ದು ಕುಳಿತವರ ಬಗ್ಗೆ ನನಗೆ ಹೆಚ್ಚು ಭರವಸೆ.

ಎರಡನೆಯದು ನಡಿಗೆಯ ವೇಗ. ಹಾಲ್‌ನಲ್ಲೋ ಅಪಾರ್ಟ್‌ಮೆಂಟಿನ ಪಡಸಾಲೆಯಲ್ಲೋ ತಾರಸಿಯಲ್ಲೋ ನೇರವಾದ ಆರು ಮೀಟರ್ ಜಾಗ ಹುಡುಕಿ. ನಡುವಿನ ನಾಲ್ಕು ಮೀಟರಿಗೆ ಎರಡು ಸುಣ್ಣದ ಗೆರೆ ಎಳೆಯಿರಿ. ಆಚೆ ಈಚೆ ಒಂದೊಂದು ಮೀಟರ್ ಬಿಡುವುದು ವೇಗ ಹಿಡಿಯಲು ಮತ್ತು ನಿಲ್ಲಲು. ಎಂದಿನ ನಡಿಗೆಯಲ್ಲಿ ನಡೆಯಿರಿ, ಯಾರಿಗೂ ತೋರಿಸುವುದಕ್ಕಲ್ಲ. ಎರಡು ಸಲ ನಡೆದು ಒಳ್ಳೆಯದನ್ನು ಇಟ್ಟುಕೊಳ್ಳಿ. ನಾಲ್ಕು ಸೆಕೆಂಡಿನಲ್ಲಿ ದಾಟಿದರೆ ಸೆಕೆಂಡಿಗೆ 1 ಮೀಟರ್. ಐದು ಸೆಕೆಂಡ್ ಹಿಡಿದರೆ 0.8. ಏಷ್ಯಾದ ತಜ್ಞರು ಸೆಕೆಂಡಿಗೆ 1 ಮೀಟರಿಗಿಂತ ಕಡಿಮೆಯಿದ್ದರೆ ನಿಧಾನ ಎನ್ನುತ್ತಾರೆ. ಯುರೋಪಿನವರ ಗೆರೆ 0.8. ಇಲ್ಲಿ ಪಂಚೆಯ ವಿಷಯ ಹೇಳಲೇಬೇಕು. ಕಾಲಿಗೆ ಇಳಿಬಿಟ್ಟ ಪಂಚೆ ಹೆಜ್ಜೆಯನ್ನು ಕಿರಿದು ಮಾಡುತ್ತದೆ, ಹವಾಯಿ ಚಪ್ಪಲಿ ಬೆರಳುಗಳನ್ನು ಬಿಗಿಹಿಡಿಯುವಂತೆ ಮಾಡುತ್ತದೆ. ಪ್ಯಾಂಟು ಮತ್ತು ಷೂ ಹಾಕಿಕೊಂಡು ಅಳೆಯಿರಿ. ಮುಂದಿನ ಸಲವೂ ಅದೇ ಉಡುಪು, ಅದೇ ಜಾಗ, ಅದೇ ಹೊತ್ತು ಇರಲಿ.

ಇಷ್ಟು ಸರಳವಾದ ಅಳತೆಗೆ ಇಷ್ಟೊಂದು ಬೆಲೆ ಯಾಕೆ ಎಂದು ಕೇಳಬಹುದು. ನಡಿಗೆಗೆ ಹೃದಯ, ಶ್ವಾಸಕೋಶ, ನರ, ಕೀಲು, ಕಣ್ಣು, ಒಳಕಿವಿ ಎಲ್ಲವೂ ಒಟ್ಟಿಗೆ ದುಡಿಯಬೇಕು. ಯಾವುದು ಸೋತರೂ ವೇಗ ಇಳಿಯುತ್ತದೆ. ಒಂಬತ್ತು ದೀರ್ಘಕಾಲದ ಅಧ್ಯಯನಗಳ 34,485 ಹಿರಿಯರ ಮಾಹಿತಿಯನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ನಡಿಗೆಯ ವೇಗ ಹೆಚ್ಚಿದಷ್ಟೂ ಬದುಕುಳಿಯುವ ಸಾಧ್ಯತೆ ಹೆಚ್ಚುತ್ತಾ ಹೋಗುವುದು ಸ್ಪಷ್ಟವಾಗಿ ಕಂಡಿತು. ನಿಮಗೆ ಹತ್ತಿರದ ಲೆಕ್ಕ ಇನ್ನೊಂದಿದೆ. ಪಾದಚಾರಿ ಸಿಗ್ನಲ್‌ಗಳಿಗೆ ಸಮಯ ಇಡುವಾಗ ರಸ್ತೆ ಎಂಜಿನಿಯರ್‌ಗಳು ಸಾಮಾನ್ಯವಾಗಿ ಹಿಡಿಯುವ ನಡಿಗೆಯ ವೇಗ ಸೆಕೆಂಡಿಗೆ ಸುಮಾರು 1.2 ಮೀಟರ್. ಸೆಕೆಂಡಿಗೆ 0.8ರಲ್ಲಿ ನಡೆಯುವ ಹಿರಿಯರು 12 ಮೀಟರ್ ಅಗಲದ ರಸ್ತೆ ದಾಟಲು 15 ಸೆಕೆಂಡ್ ತೆಗೆದುಕೊಳ್ಳುತ್ತಾರೆ. ಲೆಕ್ಕ ಅವರಿಗೆ ಕೊಟ್ಟಿರುವುದು ಹತ್ತೇ ಸೆಕೆಂಡ್. ಹಳ್ಳ ದಿಣ್ಣೆಯ ರಸ್ತೆ, ಎಡಕ್ಕೆ ತಿರುಗಿ ನುಗ್ಗುವ ಬೈಕು ಇವೆಲ್ಲ ಆ ಲೆಕ್ಕದಲ್ಲಿ ಇಲ್ಲ. ನಿಮ್ಮ ಮನೆಯವರು ಆಚೆ ಬದಿಯಲ್ಲಿ ನಿಂತು ಕಾಯುವುದನ್ನು ನಾನು ಹಗುರವಾಗಿ ತೆಗೆದುಕೊಳ್ಳದಿರುವುದು ಇದಕ್ಕೇ.

ಪಾರ್ಕಿನ ಮುಕ್ಕಾಲು ಗಂಟೆ ವ್ಯರ್ಥವಲ್ಲ. ಗೆಳೆಯರ ಜೊತೆಗಿನ ಆ ಹೊತ್ತು ಮನಸ್ಸಿಗೂ ರಕ್ತದೊತ್ತಡಕ್ಕೂ ಒಳ್ಳೆಯದು, ಬಿಡಬೇಡಿ. ಆದರೆ ಮಾತಿಗೆ ತಕ್ಕ ವೇಗದಲ್ಲಿ ಸಮತಟ್ಟಾದ ಹಾದಿಯಲ್ಲಿ ನಡೆಯುವುದು ತೊಡೆಗೆ ಬಲ ತರುವುದಿಲ್ಲ. ಅಲ್ಲೇ ಒಂದು ವಿಷಯವನ್ನು ಗಮನಿಸಿ. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಕೊಡಲು ನೀವು ನಿಂತುಬಿಡುತ್ತೀರಾ? ಮಾತನಾಡಲು ನಡಿಗೆ ನಿಲ್ಲಿಸುವ ವೃದ್ಧರು ಮುಂದೆ ಬೀಳುವ ಸಂಭವ ಹೆಚ್ಚು ಎಂದು ಸ್ವೀಡನ್ನಿನ ಸಂಶೋಧಕರು 1997ರಲ್ಲೇ ತೋರಿಸಿಕೊಟ್ಟಿದ್ದಾರೆ. ನಡೆಯುವುದಕ್ಕೇ ಪೂರ್ತಿ ಗಮನ ಬೇಕಾಗುತ್ತಿದೆ ಎಂಬುದರ ಸೂಚನೆ ಅದು.

ಸಮತೋಲನಕ್ಕೆ ಅಡುಗೆಮನೆಯ ಕಟ್ಟೆಯ ಪಕ್ಕ ನಿಲ್ಲಿ, ಬೇಕಾದರೆ ಹಿಡಿಯುವಷ್ಟು ಹತ್ತಿರ. ಮೊದಲು ಪಾದಗಳನ್ನು ಜೋಡಿಸಿ ಹತ್ತು ಸೆಕೆಂಡ್. ಆಮೇಲೆ ಒಂದು ಪಾದದ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿನ ಪಕ್ಕಕ್ಕೆ ಬರುವಂತೆ ಹತ್ತು ಸೆಕೆಂಡ್. ಕೊನೆಗೆ ಒಂದರ ಮುಂದೆ ಒಂದು, ಹಿಮ್ಮಡಿ ಬೆರಳಿಗೆ ತಾಗುವಂತೆ. ಈ ಮೂರು ನಿಲುವು, ಚಿಕ್ಕದೊಂದು ನಡಿಗೆ, ಐದು ಸಲ ಏಳುವುದು ಇಷ್ಟನ್ನು ಸೇರಿಸಿ 12 ಅಂಕಗಳ ಪರೀಕ್ಷೆಯೊಂದನ್ನು ಅಮೆರಿಕದ ಜ್ಯಾಕ್ ಗುರಾಲ್ನಿಕ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದರು. ಮರುವರ್ಷ ಅವರೇ ಹೇಳಿದ ಸಂಗತಿ ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುತ್ತದೆ: 71 ದಾಟಿದ, ಆ ಹೊತ್ತಿಗೆ ಯಾರ ನೆರವೂ ಬೇಡದೆ ಓಡಾಡಿಕೊಂಡಿದ್ದ ಜನರಲ್ಲೇ ಯಾರಿಗೆ ಕಡಿಮೆ ಅಂಕ ಬಂದಿತ್ತೋ ಅವರೇ ನಾಲ್ಕು ವರ್ಷಗಳ ನಂತರ ಹೆಚ್ಚಾಗಿ ಪರಾವಲಂಬಿಗಳಾಗಿದ್ದರು. "ನನಗೇನೂ ಆಗಿಲ್ಲ" ಎನ್ನುವ ಹಂತದಲ್ಲೇ ಕಾಲು ಮುಂದಿನದನ್ನು ಹೇಳುತ್ತಿರುತ್ತದೆ.

ಕೈಹಿಡಿತದ ಬಲವನ್ನು ಮನೆಯಲ್ಲಿ ಸರಿಯಾಗಿ ಅಳೆಯಲಾಗದು. ಅದಕ್ಕೆ ಡೈನಮೋಮೀಟರ್ ಎಂಬ ಸಾಧನ ಬೇಕು. ದೊಡ್ಡ ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗದಲ್ಲಿ ಕೇಳಿ ನೋಡಿ. ಏಷ್ಯಾದ ಗಂಡಸರಿಗೆ 28 ಕಿಲೋ ಎಂಬುದು ಕೆಳಗಿನ ಗೆರೆ. 17 ದೇಶಗಳ ಸುಮಾರು 1,40,000 ಜನರನ್ನು ಒಳಗೊಂಡ ಪ್ಯೂರ್ ಅಧ್ಯಯನದಲ್ಲಿ, ಹಿಡಿತ 5 ಕಿಲೋ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇಕಡ 16ರಷ್ಟು ಹೆಚ್ಚಿರುವುದು ಕಂಡಿತು. ಭಾರತವೂ ಅದರಲ್ಲಿ ಭಾಗಿ; ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರೂ ಅದರಲ್ಲಿ ದುಡಿದಿದ್ದಾರೆ. ಕೈಯನ್ನು ಹಿಸುಕಿ ಹಿಸುಕಿ ಗಟ್ಟಿ ಮಾಡಿಕೊಂಡರೆ ಆಯುಸ್ಸು ಬೆಳೆಯುತ್ತದೆ ಎಂದು ಇದನ್ನು ಓದಬೇಡಿ. ಹಿಡಿತ ಇಡೀ ದೇಹದ ಸ್ನಾಯುವಿನ ಕುರುಹು, ಅಷ್ಟೆ. ಮನೆಯಲ್ಲಿ ತೋಳಿನ ಬಲ ನೋಡಬೇಕೆಂದರೆ ಅರ್ಧ ಲೀಟರಿನ ಏಳು ನಂದಿನಿ ಹಾಲಿನ ಪ್ಯಾಕೆಟ್‌ಗಳನ್ನು ಗಟ್ಟಿ ಬಟ್ಟೆಚೀಲದಲ್ಲಿ ಹಾಕಿ. ಹೆಚ್ಚುಕಡಿಮೆ 3.6 ಕಿಲೋ ಆಗುತ್ತದೆ. ರಿಕ್ಲಿ ಮತ್ತು ಜೋನ್ಸ್ ಗಂಡಸರಿಗೆ ಇಟ್ಟ ತೂಕವೇ ಅದು. ಕುಳಿತುಕೊಂಡು, ಮೊಣಕೈಯನ್ನು ಪಕ್ಕೆಗೆ ಒತ್ತಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಮಡಿಸಿ ಬಿಚ್ಚಬಲ್ಲಿರಿ? ನಿಮ್ಮ ವಯಸ್ಸಿಗೆ 14ರಿಂದ 21 ಸಾಮಾನ್ಯ. ಟೇಪು ಕೈಯಲ್ಲಿದ್ದಾಗಲೇ ಮೀನಖಂಡದ ದಪ್ಪ ಜಾಗದ ಸುತ್ತಳತೆಯನ್ನೂ ನೋಡಿಬಿಡಿ. ಗಂಡಸರಲ್ಲಿ 34 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸ್ನಾಯು ಸೊರಗಿರುವ ಅನುಮಾನ. ತೂಕದ ಯಂತ್ರವನ್ನು ಮಾತ್ರ ಇದಕ್ಕೆ ನಂಬಬೇಡಿ. ಕಾಲಿನಲ್ಲಿ ಕಳೆದದ್ದು ಹೊಟ್ಟೆಯಲ್ಲಿ ಕೂಡಿಕೊಂಡರೆ ಮುಳ್ಳು ಅಲುಗುವುದೇ ಇಲ್ಲ.

ದಮ್ಮಿಗೆ ಆರು ನಿಮಿಷದ ನಡಿಗೆ ಇದೆ. ಅಳತೆ ಗೊತ್ತಿರುವ ಹಾದಿಯಲ್ಲಿ ಸಾಧ್ಯವಾದಷ್ಟು ಬೇಗ, ಓಡದೆ, ನಡೆದ ದೂರವನ್ನು ಬರೆದಿಟ್ಟುಕೊಳ್ಳಿ. ನಿಮ್ಮ ವಯಸ್ಸಿನ ಅಮೆರಿಕದ ಗಂಡಸರ ನಡುವಿನ ಅರ್ಧ ಸುಮಾರು 500ರಿಂದ 620 ಮೀಟರ್ ನಡೆಯುತ್ತದೆ. ನಮ್ಮ ಎತ್ತರ ಕಡಿಮೆ, ಹೆಜ್ಜೆ ಚಿಕ್ಕದು. ಆ ಸಂಖ್ಯೆಯನ್ನು ನಮ್ಮವರ ಮೇಲೆ ಹೇರಬಾರದು. ಎದೆನೋವಿದ್ದವರು, ಕಳೆದ ಒಂದು ತಿಂಗಳಲ್ಲಿ ಹೃದಯಾಘಾತವಾದವರು, ಕುಳಿತಾಗಲೇ ನಾಡಿ 120 ದಾಟುವವರು ಅಥವಾ ರಕ್ತದೊತ್ತಡ 180/100ಕ್ಕಿಂತ ಮೇಲಿರುವವರು ಇದನ್ನು ತಾವಾಗಿಯೇ ಮಾಡಬಾರದು.

ಇನ್ನು ನಿಮ್ಮ ಗೋಡೆಯ ವಿಷಯ. ನೆಲದ ಮೇಲೆ ಕುಳಿತು ಏಳುವುದು ಪಾಶ್ಚಾತ್ಯರ ದಿನಚರಿಯಲ್ಲಿ ಅಷ್ಟಾಗಿ ಇಲ್ಲ. ಹಾಗಾಗಿ ಬಹುಪಾಲು ಪರೀಕ್ಷೆಗಳು ಕುರ್ಚಿಯಿಂದ ಕೆಳಕ್ಕೆ ಇಳಿಯುವುದಿಲ್ಲ. ಬ್ರೆಜಿಲ್ಲಿನ ವೈದ್ಯರ ತಂಡವೊಂದು ಮಾತ್ರ ಇದಕ್ಕೆ ಹತ್ತು ಅಂಕಗಳ ಪರೀಕ್ಷೆ ಮಾಡಿದೆ: ಕೂರುವುದಕ್ಕೆ ಐದು, ಏಳುವುದಕ್ಕೆ ಐದು, ಕೈ ಅಥವಾ ಮಂಡಿ ಊರಿದ ಪ್ರತಿ ಸಲಕ್ಕೂ ಒಂದು ಅಂಕ ಕಡಿತ, ಓಲಾಡಿದರೆ ಅರ್ಧ. ಮಂಡಿಸವೆತ ಇರುವವರಿಗೆ ಇದು ನ್ಯಾಯವಾದ ಅಳತೆಯಲ್ಲ. ನಾನು ಅಂಕಕ್ಕಿಂತ ಚರಿತ್ರೆಯನ್ನು ಕೇಳುತ್ತೇನೆ. ಮಠದಲ್ಲಿ ಪಂಕ್ತಿಯಲ್ಲಿ ನೆಲಕ್ಕೆ ಕುಳಿತು ಊಟ ಮಾಡುವುದನ್ನು ಯಾವಾಗ ಬಿಟ್ಟಿರಿ? ದೇವರ ಮನೆಗೆ ಮಣೆಯ ಬದಲು ಸ್ಟೂಲು ಬಂದದ್ದು ಯಾವಾಗ? ಏಳುವಾಗ ಒಂದು ಕೈ ಸಾಕಾಗಿದ್ದದ್ದು ಎರಡು ಕೈಗೆ ಬಂದು ಎಷ್ಟು ದಿನವಾಯಿತು? ಈ ಉತ್ತರಗಳಲ್ಲಿ ಮೀಸಲು ಯಾವ ವೇಗದಲ್ಲಿ ಇಳಿಯುತ್ತಿದೆ ಎಂಬುದು ಸಿಗುತ್ತದೆ. ಬಿದ್ದಾಗ ಎದ್ದು ಬರಲು ಬೇಕಾದದ್ದೂ ಇದೇ ಚಲನೆ. ಬಚ್ಚಲುಮನೆಯಲ್ಲಿ ಬಿದ್ದವರಲ್ಲಿ ಮೂಳೆ ಮುರಿಯದಿದ್ದರೂ ಏಳಲಾಗದೆ ಗಂಟೆಗಟ್ಟಲೆ ತಣ್ಣನೆಯ ನೆಲದ ಮೇಲೆ ಉಳಿದವರು ಇದ್ದಾರೆ.

ಗಂಡಸರ ವಿಷಯದಲ್ಲಿ ಇನ್ನೊಂದು ತೊಡಕು ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಿನನಿತ್ಯದ ಕೆಲಸಗಳಲ್ಲಿ ಸ್ವಾವಲಂಬನೆಯನ್ನು ಅಳೆಯಲು ಎರಡು ಹಳೆಯ ಪಟ್ಟಿಗಳಿವೆ. 1963ರ ಕಾಟ್ಜ್ ಪಟ್ಟಿ ಸ್ನಾನ, ಬಟ್ಟೆ ತೊಡುವುದು, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ ಇವನ್ನು ಕೇಳುತ್ತದೆ. 1969ರ ಲಾಟನ್ ಮತ್ತು ಬ್ರಾಡಿ ಪಟ್ಟಿ ಫೋನು, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಪ್ರಯಾಣ, ಔಷಧಿ, ಹಣಕಾಸು ಎಂಬ ಎಂಟನ್ನು ಕೇಳುತ್ತದೆ. ಆ ಎಂಟರಲ್ಲಿ ಅಡುಗೆ, ಮನೆಗೆಲಸ, ಬಟ್ಟೆ ಈ ಮೂರನ್ನು ಗಂಡಸರಿಗೆ ಬಿಟ್ಟುಕೊಟ್ಟು ಐದಕ್ಕೇ ಅಂಕ ಹಾಕುವ ರೂಢಿ ಆಗ ಇತ್ತು, ಗಂಡಸರು ಅವನ್ನು ಹೇಗೂ ಮಾಡುವುದಿಲ್ಲ ಎಂಬ ಕಾರಣಕ್ಕೆ. ನಮ್ಮ ಮನೆಗಳಲ್ಲಿ ಈ ರಿಯಾಯಿತಿ ಇನ್ನೂ ದೊಡ್ಡದು. ಮಾತ್ರೆಗಳನ್ನು ಡಬ್ಬಿಗೆ ಹಾಕಿ ಹೊತ್ತಿಗೆ ಸರಿಯಾಗಿ ಕೊಡುವವರು ಹೆಂಡತಿ. ಬ್ಯಾಂಕು, ಕರೆಂಟ್ ಬಿಲ್ಲು ಮಗನ ಮೊಬೈಲಿನಲ್ಲಿ. ಒದ್ದೆ ಬಟ್ಟೆಯ ಬಕೆಟ್ಟನ್ನು ತಾರಸಿಗೆ ಹೊರುವವರು ಸೊಸೆ. ಕಾವೇರಿ ನೀರು ಬಂದಾಗ ಕೊಡ ತುಂಬಿಸುವವರು ಮತ್ತೊಬ್ಬರು. ಮನೆಯ ಗಂಡಸು ಏನನ್ನೂ ಎತ್ತದೆ, ಬಗ್ಗದೆ, ಹತ್ತದೆ ವರ್ಷ ಕಳೆಯಬಹುದು, ಮತ್ತು ಯಾವ ಕೆಲಸವೂ ಕೆಡುವುದಿಲ್ಲ. "ಅಪ್ಪನಿಗೆ ಏನೂ ತೊಂದರೆಯಿಲ್ಲ" ಎಂದು ಎಲ್ಲರೂ ಪ್ರಾಮಾಣಿಕವಾಗಿಯೇ ಹೇಳುತ್ತಾರೆ.

ಅದಕ್ಕೇ ನಾನು ಗಂಡಸರಿಗೆ "ಮಾಡುತ್ತೀರಾ?" ಎಂದು ಕೇಳುವುದಿಲ್ಲ, "ಮಾಡಬಲ್ಲಿರಾ?" ಎಂದು ಕೇಳುತ್ತೇನೆ. ಮನೆಯವರು ಮಗಳ ಮನೆಗೆ ಮೈಸೂರಿಗೆ ಹೋಗಿ ಒಂದು ವಾರ ಇದ್ದರೆ ನೀವು ಒಬ್ಬರೇ ಆ ವಾರ ದಾಟಿಸಬಲ್ಲಿರಾ? ಡಿಕಾಕ್ಷನ್ ಇಳಿಸಿ ಕಾಫಿ ಮಾಡಿಕೊಳ್ಳುವುದು, ಮಾತ್ರೆಗಳನ್ನು ಹೆಸರು ಹಿಡಿದು ತೆಗೆದುಕೊಳ್ಳುವುದು, ತರಕಾರಿ ಚೀಲ ಹಿಡಿದು ಮಹಡಿ ಹತ್ತುವುದು, ಎತ್ತರದ ಮೆಟ್ಟಿಲಿನ ಬಿಎಂಟಿಸಿ ಬಸ್ಸನ್ನು ಎರಡೂ ಕೈಗಳಿಂದ ಜಗ್ಗಿಕೊಳ್ಳದೆ ಏರುವುದು. ನನ್ನ ಸಲಹೆ, ಊಹಿಸಿ ಉತ್ತರ ಕೊಡಬೇಡಿ. ಒಂದು ದಿನ ಮಾಡಿ ನೋಡಿ. ಮನೆಯವರನ್ನು ಬೇರೆಯಾಗಿ ಕೇಳುವುದೂ ಅಗತ್ಯ. ಎಷ್ಟೋ ಸಲ ಗಂಡ "ನಾನೇ ಮಾಡಿಕೊಳ್ಳುತ್ತೇನೆ" ಎನ್ನುವಾಗ ಹೆಂಡತಿ ಪಕ್ಕದಲ್ಲಿ ಸುಮ್ಮನೆ ತಲೆ ತಗ್ಗಿಸಿರುತ್ತಾರೆ.

ಅಳತೆಗಳನ್ನು ಮೂರು ತಿಂಗಳಿಗೊಮ್ಮೆ ಮಾಡಿದರೆ ಸಾಕು. ದಿನಾ ಮಾಡಿದರೆ ನಿದ್ದೆ ಕೆಟ್ಟ ರಾತ್ರಿಯನ್ನೇ ಅಳೆದಂತಾಗುತ್ತದೆ. ನಡಿಗೆಯ ವೇಗದಲ್ಲಿ ಸೆಕೆಂಡಿಗೆ 0.1 ಮೀಟರ್, ಆರು ನಿಮಿಷದ ನಡಿಗೆಯಲ್ಲಿ 50 ಮೀಟರ್ ವ್ಯತ್ಯಾಸ ಬಂದರೆ ಅದು ನಿಜವಾದ ಬದಲಾವಣೆ. ಅದಕ್ಕಿಂತ ತೀರಾ ಕಡಿಮೆ ಏರಿಳಿತಕ್ಕೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಬೇರೆಯವರ ಅಂಕಿಯ ಜೊತೆ ಹೋಲಿಸುವುದಕ್ಕಿಂತ ನಿಮ್ಮದೇ ಹಿಂದಿನ ಅಂಕಿ ಹೆಚ್ಚು ಹೇಳುತ್ತದೆ.

ಕೆಲವೇ ವಾರಗಳಲ್ಲಿ ಅಂಕಿ ದಬಕ್ಕನೆ ಇಳಿದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಬಾರದು. ವಯಸ್ಸು ಅಷ್ಟು ಅವಸರ ಮಾಡುವುದಿಲ್ಲ. ಒಂದೇ ಕಡೆಯ ಕೈ ಬೀಸು ನಿಂತಿದ್ದರೆ, ಕಾಲು ಎಳೆಯುತ್ತಿದ್ದರೆ, ಹೆಜ್ಜೆ ನೆಲಕ್ಕೆ ಅಂಟಿದಂತಾದರೆ, ಷರಟಿನ ಗುಂಡಿ ಹಾಕಲು ಬೆರಳು ತಡಬಡಿಸಿದರೆ ನರರೋಗ ತಜ್ಞರನ್ನು ಕಾಣಿ. ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇದೆ. ನಡೆದಂತೆ ಕಾಲು ಭಾರವಾಗಿ, ಕುಳಿತು ಮುಂದಕ್ಕೆ ಬಗ್ಗಿದರೆ ಹಗುರವಾಗುವುದು ಸೊಂಟದ ನರಗಳ ದಾರಿ ಕಿರಿದಾದಾಗ ಆಗುತ್ತದೆ. ಸಸ್ಯಾಹಾರಿಗಳಲ್ಲಿ, ಮತ್ತು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರಲ್ಲಿ, ಬಿ12 ಕೊರತೆಯಿಂದ ಪಾದದ ಸ್ಪರ್ಶ ಮಂಕಾಗಿ ಸಮತೋಲನ ಕೆಡುತ್ತದೆ. ಇದು ಸರಿಪಡಿಸಬಹುದಾದದ್ದು, ಆದರೆ ತಡವಾದಷ್ಟೂ ಕಷ್ಟ.

ಅಳತೆ ಕಡಿಮೆ ಬಂದರೆ ಏನು ಮಾಡಬೇಕು ಎಂದು ನೀವು ಕೇಳಿಲ್ಲ. ಆದರೂ ಹೇಳದೆ ಇರಲಾರೆ, ಏಕೆಂದರೆ ಸ್ನಾಯು ಯಾವ ವಯಸ್ಸಿನಲ್ಲೂ ಮಾತು ಕೇಳುತ್ತದೆ. 1990ರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಬಾಸ್ಟನ್ನಿನ ವೃದ್ಧಾಶ್ರಮದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಪೂರೈಸಿದವರ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು. ನಿಮಗಿನ್ನೂ 72. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ನಡಿಗೆಯ ಜೊತೆಗೆ ವಾರಕ್ಕೆ ಎರಡು ದಿನವಾದರೂ ಬಲದ ವ್ಯಾಯಾಮ, ಮೂರು ದಿನವಾದರೂ ಸಮತೋಲನದ ಅಭ್ಯಾಸ ಇರಲಿ ಎನ್ನುತ್ತದೆ. ಪಾರ್ಕಿನಲ್ಲಿ ನೆಟ್ಟಿರುವ ಉಪಕರಣಗಳಲ್ಲಿ ಬಹಳಷ್ಟು ಕೈಕಾಲು ಆಡಿಸುತ್ತವೆಯೇ ಹೊರತು ಭಾರ ಕೊಡುವುದಿಲ್ಲ. ಪರೀಕ್ಷೆಗೆ ಬಳಸಿದ ಕುರ್ಚಿಯೇ ಸಾಕು: ಎಂಟು ಹತ್ತು ಸಲ ಎದ್ದು, ಮೂರು ಎಣಿಸುತ್ತಾ ನಿಧಾನಕ್ಕೆ ಕುಳಿತು, ಒಂದೆರಡು ನಿಮಿಷ ಸುಧಾರಿಸಿಕೊಂಡು ಮತ್ತೆ. ಸುಲಭವಾದಾಗ ಎದೆಗೆ ಹಾಲಿನ ಚೀಲ ಅಪ್ಪಿಕೊಳ್ಳಿ. ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಒಂದು ಮೆಟ್ಟಿಲನ್ನು ಹತ್ತಿ ಇಳಿಯುವುದು ಇದಕ್ಕೆ ಸೇರಲಿ. ಊಟದಲ್ಲಿ ಬೇಳೆ, ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಮೀನು ಹೆಚ್ಚಲಿ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿ ತೀರ್ಮಾನಿಸಬೇಕು.

ಕುರ್ಚಿ ಪರೀಕ್ಷೆಗೆ ಮೊದಲು ಮಾಡಬೇಕಾದ ಕೆಲಸ ಒಂದಿದೆ. ನೀವು ಪ್ರಾಸ್ಟೇಟ್‌ಗೆ ತೆಗೆದುಕೊಳ್ಳುತ್ತಿರುವುದು ಟ್ಯಾಮ್ಸುಲೋಸಿನ್, ಅಲ್ಫುಜೋಸಿನ್‌ನಂಥ ಮಾತ್ರೆಯಾಗಿದ್ದರೆ, ಎದ್ದು ನಿಂತಾಗ ರಕ್ತದೊತ್ತಡ ಇಳಿಯುವಂತೆ ಅದು ಮಾಡಬಹುದು. ಬಿಪಿ ಮಾತ್ರೆಯೂ ಜೊತೆಗಿದ್ದರೆ ಇನ್ನಷ್ಟು. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವ ಗಂಡಸರು ಕತ್ತಲಲ್ಲಿ ಬೀಳುವುದಕ್ಕೆ ಇದೂ ಒಂದು ಕಾರಣ. ಐದು ನಿಮಿಷ ಮಲಗಿ ಒತ್ತಡ ನೋಡಿಸಿಕೊಳ್ಳಿ. ಎದ್ದು ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಪರೀಕ್ಷೆಗಳನ್ನು ಅಲ್ಲಿಗೇ ನಿಲ್ಲಿಸಿ, ಮಾತ್ರೆಯನ್ನು ನೀವಾಗಿಯೇ ಬಿಡದೆ, ಮೂರೂ ಅಂಕಿಗಳನ್ನೂ ಎರಡೂ ಮಾತ್ರೆಗಳ ಹೆಸರು ಮತ್ತು ತೆಗೆದುಕೊಳ್ಳುವ ಹೊತ್ತನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ನಿಮ್ಮ ವೈದ್ಯರ ಬಳಿಗೆ ಹೋಗಿ.